ಅಪ್ಪನ ನಾಲಿಗೆ

"ಇಳಿ ಪುಟ್ಟಿ, ಸಾಕು," ಎಂದರು ಡಾಕ್ಟರಮ್ಮ.

ತೂಕದ ಯಂತ್ರದ ಮುಳ್ಳು ಇನ್ನೂ ಅಲುಗುತ್ತಿತ್ತು. ಹುಡುಗಿ ಇಳಿದಳು. ಇಳಿದವಳು ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ಎತ್ತಲೇ ಇಲ್ಲ; ಚಪ್ಪಲಿ ಅವಳ ಕಾಲಬುಡದಲ್ಲೇ ಇತ್ತು. ಗೋಡೆಯ ಮೇಲೆ ಬಣ್ಣಬಣ್ಣದ ಬಾತುಕೋಳಿಗಳು ಸಾಲಾಗಿ ಹೊರಟಿದ್ದವು. ಅಂಬೆಗಾಲಿಡುವ ಮಕ್ಕಳನ್ನು ನಗಿಸಲು ಬರೆಸಿದ ಚಿತ್ರ ಅದು. ಹೈಸ್ಕೂಲು ಮೆಟ್ಟಿಲು ಹತ್ತಿದ ಹುಡುಗಿಗೆ ಆ ಬಾತುಕೋಳಿಗಳ ಎದುರು ಅಂಗಿ ಎಳೆದುಕೊಳ್ಳುವುದಕ್ಕೂ ನಾಚಿಕೆಯಾಗುತ್ತಿತ್ತು.

"ಕಮ್ಮಿ ಆಗಿದೆಯಾ ಡಾಕ್ಟ್ರೇ?" ತಾಯಿ ಕುರ್ಚಿಯ ತುದಿಗೆ ಬಂದು ಕೇಳಿದಳು.

"ಇಲ್ಲಮ್ಮ. ಹೋದ ಸಲಕ್ಕಿಂತ ಜಾಸ್ತೀನೇ ಆಗಿದೆ."

ತಾಯಿಯ ಮುಖ ಸಪ್ಪಗಾಯಿತು. ಅವಳು ಪೋಸ್ಟಾಫೀಸಿನ ಪಾರ್ಸೆಲ್ ಕೌಂಟರಿನವಳು. ಊರಿನವರ ಗಂಟುಮೂಟೆಗಳನ್ನು ತೂಗಿ ಚೀಟಿ ಅಂಟಿಸುವುದೇ ದಿನವಿಡೀ ಕೆಲಸ. ಕೈಯಲ್ಲಿ ಎತ್ತಿದರೆ ಸಾಕು, ಇದು ಇಷ್ಟೇ ಗ್ರಾಮು ಎಂದು ಹೇಳಿಬಿಡುತ್ತಾಳೆ, ಯಂತ್ರಕ್ಕಾದರೂ ತಪ್ಪೀತು, ಇವಳಿಗೆ ತಪ್ಪದು ಎಂದು ಜೊತೆಯವರು ರೇಗಿಸುತ್ತಿದ್ದರು. ಅಂಥವಳು ಈ ಡಾಕ್ಟರಮ್ಮನ ಮಾತು ಕೇಳಿದಾಗಿನಿಂದ ಅಡುಗೆಮನೆಯನ್ನೂ ಕೌಂಟರಿನಂತೆಯೇ ನಡೆಸುತ್ತಿದ್ದಳು. ಸಕ್ಕರೆ ಡಬ್ಬಿ ಅಟ್ಟ ಸೇರಿತ್ತು. ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕುತ್ತಿದ್ದಳು. ಕಣ್ಣಲ್ಲಿ ಕಣ್ಣಿಟ್ಟು ಮಗಳ ತಟ್ಟೆ ಕಾಯುತ್ತಿದ್ದಳು.

"ಬೆಳಿಗ್ಗೆ ಸಕ್ಕರೆ ಇಲ್ಲದ ಹಾಲು. ಮಧ್ಯಾಹ್ನದ ಡಬ್ಬಿಗೆ ಒಂದು ಹಿಡಿ ಅನ್ನ, ಮಿಕ್ಕಿದ್ದೆಲ್ಲ ತರಕಾರಿ. ರಾತ್ರಿಗೂ ಅಷ್ಟೇ. ನೀವು ಹೇಳಿದ್ದಕ್ಕಿಂತ ಒಂದು ತುತ್ತು ಹೆಚ್ಚು ಹಾಕಿದ್ರೆ ಕೇಳಿ," ಎಂದಳು.

"ನಿಮ್ಮನ್ನ ನಾನು ನಂಬ್ತೀನಮ್ಮ. ಆದ್ರೆ ಬೇರೆ ಎಲ್ಲಿಂದಲೋ ಇವಳ ಹೊಟ್ಟೆಗೆ ಸೇರ್ತಾ ಇದೆ."

"ಅಂದ್ರೆ ನಾನು ಸುಳ್ಳು ಹೇಳ್ತಿದ್ದೀನಿ ಅಂತಲಾ?"

ಡಾಕ್ಟರಮ್ಮ ತಾಳ್ಮೆಯ ಹೆಂಗಸು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದರಲ್ಲಿ ಯಾರ ತಪ್ಪನ್ನೂ ಹುಡುಕುತ್ತಿಲ್ಲ ಎಂದರು. ಕೆಲವು ಮಕ್ಕಳ ಮೈಯೇ ಹಾಗೆ, ತಿಂದದ್ದನ್ನು ಬೇಗ ಕೂಡಿಟ್ಟುಕೊಳ್ಳುತ್ತದೆ. ಅದರ ಜೊತೆಗೆ ಆಟ ನಿಂತಿತು, ಬೇಜಾರು ಸೇರಿತು ಎಂದರೆ ತೂಕ ತಾನಾಗಿ ಏರುತ್ತದೆ. ಆದರೆ ಹುಡುಗಿಯ ಕತ್ತಿನ ಹಿಂದೆ ಚರ್ಮ ಕಪ್ಪಾಗುತ್ತಿದೆ, ರಕ್ತದಲ್ಲಿ ಸಕ್ಕರೆ ಗಡಿಯ ಹತ್ತಿರ ಬಂದು ಕೂತಿದೆ. ಈಗ ಬಿಟ್ಟರೆ ಆಮೇಲೆ ಕಷ್ಟ.

"ನಿದ್ದೆ ಹೇಗೆ? ಎಷ್ಟೊತ್ತಿಗೆ ಏಳ್ತೀಯಮ್ಮ?"

ಹುಡುಗಿ ಬಾಯಿ ತೆರೆಯುವ ಮೊದಲೇ ತಾಯಿ ಹೇಳಿದಳು. ಆ ಕೋಣೆಗೆ ಬಂದಮೇಲೆ ಅವಳಿಗೆ ಹೆಮ್ಮೆಯಿಂದ ಹೇಳಲು ಸಿಕ್ಕಿದ್ದು ಅದೊಂದೇ. "ಬೆಳಕು ಹರಿಯೋ ಮುಂಚೆ ಏಳ್ತಾಳೆ ಡಾಕ್ಟ್ರೇ. ಅವರಪ್ಪ ಬೇಕರೀಲಿ ಕೆಲಸ. ಅವರಿಗೆ ತಿಂಡಿ ಕೊಟ್ಟು ಬಂದೇ ಸ್ಕೂಲಿಗೆ ಹೋಗೋದು. ಸಂಜೆಗೂ ಒಂದು ಸಲ ಹೋಗಿ ಕಾಫಿ ಕೊಟ್ಟು ಬರ್ತಾಳೆ. ಅಪ್ಪ ಅಂದ್ರೆ ಪ್ರಾಣ."

ಅಪ್ಪ, ಎಂದರೆ ಬೇಕರಿಯಲ್ಲಿ ಎಲ್ಲರೂ ಮಾಸ್ಟರ್ ಎಂದು ಕರೆಯುವ ಮನುಷ್ಯ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದ. ಉಗುರ ಸಂದಿಯಲ್ಲಿ ಒಣಗಿದ ಹಿಟ್ಟು. ಒಳಗೆ ಬಂದಾಗಿನಿಂದ ತುಟಿ ಪಿಟಕ್ಕೆಂದಿರಲಿಲ್ಲ.

"ನಿದ್ದೆಗೆಟ್ರೆ ಹಸಿವು ಜಾಸ್ತಿ ಆಗುತ್ತಮ್ಮ. ತಿಂಡಿ ಕೊಡೋಕೆ ಬೇರೆ ಏನಾದ್ರೂ ಏರ್ಪಾಡು ಮಾಡ್ಕೊಳ್ಳಿ," ಎಂದು ಡಾಕ್ಟರಮ್ಮ ಕನ್ನಡಕ ಏರಿಸಿದರು. "ಒಂದು ಕೆಲಸ ಮಾಡೋಣ. ಇವಳನ್ನ ಒಂದೆರಡು ವಾರ ಇಲ್ಲೇ ವಾರ್ಡಿನಲ್ಲಿ ಇಟ್ಕೊಂಡು ನೋಡ್ತೀನಿ. ಇಲ್ಲಿ ಊಟ ನಮ್ಮ ಕೈಯಲ್ಲಿರುತ್ತೆ. ಆಗಲೂ ತೂಕ ಏರಿದ್ರೆ ಬೇರೆ ಪರೀಕ್ಷೆ. ಇಳಿದ್ರೆ, ಹೊರಗಡೆ ಏನೋ ನಡೀತಿದೆ ಅಂತ ಗೊತ್ತಾಗುತ್ತೆ. ನಾಳಿದ್ದು ಬಂದು ಹೇಳಿ."

ಹೊರಗಡೆ ಏನು ನಡೆಯುತ್ತಿದೆ ಎಂಬುದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬಳು ಚಪ್ಪಲಿಯ ಪಟ್ಟಿ ಹಾಕುತ್ತಿದ್ದಳು. ಇನ್ನೊಬ್ಬ ಬಾತುಕೋಳಿಗಳನ್ನು ನೋಡುತ್ತಿದ್ದ.

ಎರಡು ವರ್ಷದ ಹಿಂದೆ ಮಾಸ್ಟರಿಗೆ ಒಂದು ಜ್ವರ ಬಂದಿತ್ತು. ಹಾಸಿಗೆ ಹಿಡಿಸುವಂಥ ಜ್ವರವೇ ಆದರೂ ವಾಸಿಯಾಯಿತು. ಎದ್ದು ಮೊದಲ ತುತ್ತು ಬಾಯಿಗಿಟ್ಟಾಗ ಏನೂ ತಿಳಿಯಲಿಲ್ಲ. ಉಪ್ಪಿಲ್ಲ, ಹುಳಿಯಿಲ್ಲ, ಒದ್ದೆ ಹತ್ತಿ ಅಗಿದ ಹಾಗೆ. ಮೂಗೂ ಸತ್ತಿತ್ತು. ಜ್ವರದ ಬಾಯಿ, ಸರಿಹೋದೀತು ಎಂದು ಕಾದ. ಸರಿಹೋಗಲಿಲ್ಲ.

ಬೇರೆ ಬೇಕರಿಯವನಾಗಿದ್ದರೆ ಹೇಗೋ ನಿಭಾಯಿಸುತ್ತಿದ್ದನೇನೋ. ಇವನು ಜನ್ಮದಲ್ಲಿ ತಕ್ಕಡಿ ಮುಟ್ಟಿದವನಲ್ಲ. ಅಳೆದು ಹಾಕುವವರು ಹೊಸಬರು, ಕೆಲಸ ಬಾರದವರು ಎಂಬುದು ಅವನ ಜಂಬ. ಕೈಗೆ ಬಂದಷ್ಟು ಸಕ್ಕರೆ, ಕಣ್ಣಿಗೆ ಕಂಡಷ್ಟು ಬೆಣ್ಣೆ, ಆಮೇಲೆ ಬೆರಳದ್ದಿ ನೆಕ್ಕಿ ನೋಡಿ ಹೆಚ್ಚುಕಮ್ಮಿ ಸರಿಮಾಡುವುದು. ಅವನ ಕೇಕಿಗೆ ಊರಾಚೆಯಿಂದ ಜನ ಬರುತ್ತಿದ್ದುದು ಆ ಬೆರಳು ಆ ನಾಲಿಗೆಯ ದೆಸೆಯಿಂದ. ತಕ್ಕಡಿ ಹಿಡಿಯಲು ಹೆಂಡತಿ ಇದ್ದಾಳೆ, ನನಗೆ ನಾಲಿಗೆ ಸಾಕು ಎಂದು ನಗುತ್ತಿದ್ದ. ಈಗ ಬೆರಳಿತ್ತು, ನಾಲಿಗೆ ಇರಲಿಲ್ಲ. ಅಂಗಡಿಯ ಒಡತಿಗೆ ಗೊತ್ತಾದರೆ ಏನು ಗತಿ? ನಾಲಿಗೆಯಿಲ್ಲದ ಮಾಸ್ಟರನ್ನು ಯಾರಾದರೂ ಯಾಕೆ ಇಟ್ಟುಕೊಳ್ಳಬೇಕು? ಡಾಕ್ಟರ ಹತ್ತಿರ ಹೋದರೆ ಸುದ್ದಿ ಹೊರಬಿದ್ದೀತೆಂದು ಅಲ್ಲಿಗೂ ಹೋಗಲಿಲ್ಲ.

ಮೊದಲು ಪತ್ತೆ ಮಾಡಿದವಳು ಮಗಳು. ತಿಂಡಿ ಡಬ್ಬಿ ತಂದವಳು, ಎಂದಿನಂತೆ ಪಾತ್ರೆಯ ಅಂಚಿನ ಕ್ರೀಮನ್ನು ಬೆರಳಲ್ಲಿ ಬಳಿದು ಬಾಯಿಗಿಟ್ಟು, "ಥೂ, ಅಪ್ಪಾ, ಇದಕ್ಕೆ ಸಕ್ಕರೇನೇ ಹಾಕಿಲ್ಲ!" ಎಂದಳು. ಅಪ್ಪನ ಮುಖ ಬಿಳಿಚಿಕೊಂಡಿದ್ದನ್ನು ಕಂಡಳು. ಜಾಣ ಹುಡುಗಿ. ಹೇಳಿಸಿಕೊಳ್ಳದೆ ಬಾಗಿಲು ಮುಚ್ಚಿ, ಸಕ್ಕರೆಯ ಡಬ್ಬ ಎತ್ತಿಕೊಟ್ಟಳು.

ಅಂದಿನಿಂದ ಅವಳೇ ಅಪ್ಪನ ನಾಲಿಗೆಯಾದಳು. ಬೆಳಿಗ್ಗೆ ಕೇಕಿನ ಹಿಟ್ಟು, ಕ್ರೀಮು, ಬನ್ನಿನ ಹೂರಣ; ಸಂಜೆ ಬಿಸ್ಕತ್ತು, ಬೆಣ್ಣೆ, ಮರುದಿನದ ಆರ್ಡರಿನದ್ದು. ಹುಬ್ಬು ಏರಿಸಿದರೆ ಸಿಹಿ ಹೆಚ್ಚು, ಮೂಗು ಸುಕ್ಕಿಸಿದರೆ ಬೆಣ್ಣೆ ಹಳಸಿದೆ, ತಲೆ ಹೀಗೆ ಓರೆ ಮಾಡಿದರೆ ಉಪ್ಪಿನ ಹರಳು ಬೇಕು. ಒಮ್ಮೆ ನೋಡಿದರೆ ಮುಗಿಯುವುದಿಲ್ಲವಲ್ಲ, ಸರಿಮಾಡಿದ ಮೇಲೆ ಮತ್ತೆ ನೋಡಬೇಕು, ಬೆಂದ ಮೇಲೆ ಇನ್ನೊಮ್ಮೆ. ಬಾಯಿಗಿಟ್ಟದ್ದನ್ನು ಉಗಿಯಬಾರದು ಎಂಬುದು ಮಾಸ್ಟರಿಗೆ ಅವನ ಗುರು ಕಲಿಸಿದ್ದ ಕಟ್ಟಳೆ. ಭಟ್ಟಿಯ ಮುಂದೆ ಉಗಿದರೆ ಅನ್ನಕ್ಕೆ ಅವಮಾನ. ಅದನ್ನೇ ಅವನು ಮಗಳಿಗೂ ಕಲಿಸಿದ. ಅವಳು ಎಲ್ಲವನ್ನೂ ನುಂಗಿದಳು. ಮೇಲಿಂದ, ಮಗುವಿನ ನಿದ್ದೆ ಕೆಡಿಸುತ್ತಿದ್ದೇನಲ್ಲ ಎಂಬ ಸಂಕಟ ಬೇರೆ. ಹೊರಡುವಾಗ ಬಿಸಿ ಬನ್ನನ್ನು ಸೀಳಿ, ಬೆಣ್ಣೆ ಸವರಿ, ಕೈಗಿಡುತ್ತಿದ್ದ. ಅವನ ಹತ್ತಿರ ಕೊಡಲು ಇದ್ದದ್ದು ಅದೇ.

ಹಗ್ಗದಾಟದಲ್ಲಿ ಬೀದಿಯನ್ನೇ ಸೋಲಿಸುತ್ತಿದ್ದ ಹುಡುಗಿ ಸಂಜೆಯ ಆಟ ಬಿಟ್ಟಳು. ಮೈ ತುಂಬಿಕೊಂಡಿತು. ಮೈ ತುಂಬಿದ ಮೇಲೆ ಸ್ಕೂಲಿನಲ್ಲಿ ಅವಳಿಗೆ ಪೀಪಾಯಿ ಎಂದು ಹೆಸರು ಬಿತ್ತು. ಹೆಸರು ಬಿದ್ದ ಮೇಲೆ ಆಟದ ಬಯಲಿನ ಕಡೆ ತಲೆ ಹಾಕುವುದನ್ನೇ ನಿಲ್ಲಿಸಿ, ಗಂಟೆ ಹೊಡೆಯುತ್ತಲೇ ಬೇಕರಿಯ ಹಿಂಬಾಗಿಲಿಗೆ ಓಡಿಬರತೊಡಗಿದಳು. ಅಲ್ಲಿ ಯಾರೂ ನಗುತ್ತಿರಲಿಲ್ಲ. ಅಲ್ಲಿ ಒಬ್ಬ ದೊಡ್ಡ ಮನುಷ್ಯ ಚಮಚ ಹಿಡಿದು, "ಹೇಗಿದೆ?" ಎಂದು ಅವಳ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದ. ಒಡತಿ ಅಂಗಡಿಯಮ್ಮನಂತೂ ಗಿರಾಕಿಗಳಿಗೆ ಅವಳ ಕೆನ್ನೆ ತೋರಿಸಿ, "ನೋಡಿ, ನಮ್ಮ ಬೇಕರಿಗೆ ಇದಕ್ಕಿಂತ ಬೋರ್ಡು ಬೇಕಾ?" ಎಂದು ನಗುತ್ತ ಒಂದು ಬಿಸ್ಕತ್ತು ಕೊಟ್ಟು ಕಳಿಸುತ್ತಿದ್ದಳು. ಪ್ರೀತಿಯಿಂದಲೇ.

ಮಾಸ್ಟರಿಗೆ ಕಣ್ಣು ಕಾಣುತ್ತಿರಲಿಲ್ಲವೇ ಎಂದರೆ, ಕಾಣುತ್ತಿತ್ತು. ಬೆಳೆಯುವ ವಯಸ್ಸು, ಎತ್ತರವಾದಂತೆ ತೆಳ್ಳಗಾಗುತ್ತಾಳೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ದಿನಾ ಹೇಳಿಕೊಂಡರೆ ಎಂಥ ಮಾತೂ ನಿಜವೆನಿಸತೊಡಗುತ್ತದೆ.

ಆಸ್ಪತ್ರೆಯಿಂದ ಮೂವರೂ ಬಸ್ಸಿನಲ್ಲಿ ಮನೆಗೆ ಬಂದರು. ಮನೆಯ ಬೀಗ ತೆಗೆದದ್ದೇ ತಾಯಿ ಕೈಚೀಲವನ್ನು ಒಂದು ಕಡೆ ಎಸೆದು ಮಗಳ ಸ್ಕೂಲ್ ಬ್ಯಾಗು ಬುಡಮೇಲು ಮಾಡಿದಳು. ದಿಂಬಿನ ಕೆಳಗೆ ನೋಡಿದಳು, ಬಟ್ಟೆಯ ಕಪಾಟು ಜಾಲಾಡಿದಳು. ಒಂದು ಚಾಕೊಲೇಟಿನ ಕಾಗದವೂ ಸಿಗಲಿಲ್ಲ. ಸಿಕ್ಕಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ.

"ಎಲ್ಲಿ ತಿಂತೀಯೇ? ಬಾಯಿ ಬಿಡು! ಆ ಡಾಕ್ಟ್ರು ನನ್ನ ಮುಖ ನೋಡಿದ ರೀತಿ ನೋಡಿದ್ಯಾ? ಹೆತ್ತ ತಾಯಿಗೇ ಮಗಳ ಹೊಟ್ಟೆಗೆ ಏನು ಹೋಗ್ತಿದೆ ಗೊತ್ತಿಲ್ಲ ಅನ್ನೋ ಹಾಗೆ!"

ಮಾಸ್ಟರ್ ಸಂಜೆಯ ಕೆಲಸಕ್ಕೆ ಹೊರಡಲು ಅಂಗಿ ಬದಲಾಯಿಸುತ್ತಿದ್ದ. ಗುಂಡಿ ಹಾಕುವ ಕೈ ಅಲ್ಲೇ ನಿಂತಿತು.

"ಹೇಳ್ತೀಯೋ ಇಲ್ವೋ?"

"ಕದ್ದು ತಿಂತೀನಿ," ಎಂದಳು ಹುಡುಗಿ.

"ಏನಂದೆ?"

"ಸ್ಕೂಲಲ್ಲಿ. ಬೇರೆಯವರ ಡಬ್ಬೀಲಿ. ಎಲ್ಲರೂ ಆಟಕ್ಕೆ ಹೋದಾಗ." ತಡವರಿಸದೆ ಹೇಳಿದಳು, ಪಾಠ ಒಪ್ಪಿಸುವ ಹಾಗೆ. ಹೇಳುತ್ತಲೇ ಅಮ್ಮನ ಹೆಗಲ ಮೇಲಿಂದ ಅಪ್ಪನತ್ತ ನೋಡಿದಳು. ಆ ಮುಖದಿಂದ ಸಿಹಿ ಹೆಚ್ಚೋ ಉಪ್ಪು ಕಮ್ಮಿಯೋ ಎಂದು ಓದುವುದು ಅವನಿಗೆ ಎರಡು ವರ್ಷದ ಅಭ್ಯಾಸ. ಈಗ ಅದು ಹೇಳುತ್ತಿದ್ದದ್ದೂ ಸ್ಪಷ್ಟವಾಗಿತ್ತು: ನೀವು ಸುಮ್ಮನಿರಿ ಅಪ್ಪಾ, ನಾನು ನೋಡಿಕೊಳ್ಳುತ್ತೇನೆ.

ತಾಯಿ ಮಂಚದ ಮೇಲೆ ಕುಸಿದಳು. "ನನ್ನ ಮಗಳು ಕಳ್ಳಿ," ಎಂದಳು, ಯಾರಿಗೂ ಅಲ್ಲ, ಗೋಡೆಗೆ.

ಮಾಸ್ಟರ್ ಅಂಜುಬುರುಕನೇ ಇರಬಹುದು. ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡವನೂ ಹೌದು. ಆದರೆ ತನ್ನ ಹೊಟ್ಟೆಪಾಡನ್ನು ಕಾಯಲು ಮಗಳು ಕಳ್ಳಿಯ ಪಟ್ಟ ಹೊರುವುದನ್ನು ನಿಂತು ನೋಡುವಷ್ಟು ಕಲ್ಲೆದೆ ಅವನದ್ದಾಗಿರಲಿಲ್ಲ.

"ಅವಳು ಕದ್ದಿಲ್ಲ ಕಣೇ. ನಾನೇ ತಿನ್ನಿಸಿದ್ದು," ಎಂದ.

"ಅಪ್ಪಾ!"

"ನೀನು ಸುಮ್ನಿರು ಪುಟ್ಟಿ." ಅವನು ಅರ್ಧ ಹಾಕಿದ ಗುಂಡಿಯನ್ನು ಹಿಡಿದುಕೊಂಡೇ ಎಲ್ಲವನ್ನೂ ಹೇಳಿದ. ಜ್ವರ, ನಾಲಿಗೆ, ಕ್ರೀಮು, ಬನ್ನು. ಹೇಳುವುದಕ್ಕೆ ಅಂಥ ಹೊತ್ತೇನೂ ಹಿಡಿಯಲಿಲ್ಲ. ಇಷ್ಟೇ ಮಾತನ್ನು ಇಷ್ಟು ದಿನ ಹೊತ್ತುಕೊಂಡು ತಿರುಗಿದ್ದೆನೇ ಎಂದು ಅವನಿಗೇ ಆಶ್ಚರ್ಯವಾಯಿತು.

ಹೆಂಡತಿ ಅವನ ಮಾತನ್ನು ಕೊನೆಯವರೆಗೆ ಕೇಳಿದಳು. ನಂಬಲಿಲ್ಲ. "ಮಗಳನ್ನ ಉಳಿಸೋಕೆ ಕಥೆ ಕಟ್ತಿದ್ದೀರಿ. ಅವಳು ನಿಮ್ಮ ಮುದ್ದಿನಿಂದಲೇ ಹಾಳಾಗಿದ್ದು," ಎಂದು ಎದ್ದು ಅಡುಗೆಮನೆಗೆ ಹೋದಳು. ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಕಾಫಿ ತಂದು ಅವನ ಕೈಗೆ ಕೊಟ್ಟಳು. "ಕುಡೀರಿ. ಕುಡಿದು ಹೊರಡಿ. ಆಮೇಲೆ ಮಾತಾಡೋಣ."

ಕೋಪದಲ್ಲೂ ಕಾಫಿ ಕೊಟ್ಟಳಲ್ಲ ಎಂದು ಮಾಸ್ಟರಿಗೆ ಎದೆ ಹಗುರಾಯಿತು. ನಿಂತೇ ಕುಡಿದ. ಬಿಸಿ ಹಿತವಾಗಿತ್ತು. ಅರ್ಧ ಕುಡಿದು, ಸಂಸಾರಸ್ಥನ ಅಭ್ಯಾಸಬಲದಿಂದ, "ಚೆನ್ನಾಗಿದೆ," ಎಂದ. ಮಿಕ್ಕದ್ದನ್ನೂ ತಳದವರೆಗೆ ಕುಡಿದು ಲೋಟ ಕೆಳಗಿಟ್ಟ.

ಹೆಂಡತಿ ಅವನನ್ನೇ ನೋಡುತ್ತಿದ್ದಳು.

"ಉಪ್ಪು ಹಾಕಿದ್ದೆ ರೀ," ಎಂದಳು. "ಚಮಚ ತುಂಬ."

ಬಾಗಿಲ ಬಳಿ ನಿಂತಿದ್ದ ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹೆಂಡತಿ ಲೋಟ ಎತ್ತಿ, ತಳದಲ್ಲಿ ಉಳಿದಿದ್ದ ಹನಿಯನ್ನು ಬೆರಳಿಗೆ ಹಚ್ಚಿ ತಾನೇ ನೆಕ್ಕಿ ನೋಡಿದಳು, ತನ್ನ ಕೈಯೇ ತನಗೆ ಸುಳ್ಳು ಹೇಳಿರಬಹುದೇನೋ ಎಂಬಂತೆ. ಮುಖ ಕಿವುಚಿತು. ಆಮೇಲೆ ಅಳು ನುಗ್ಗಿ ಬಂತು.

"ಹಾಗಾದ್ರೆ ಎರಡು ವರ್ಷದಿಂದ ನನ್ನ ಅಡುಗೆ ಚೆನ್ನಾಗಿದೆ, ಚೆನ್ನಾಗಿದೆ ಅಂದಿದ್ದು?"

ಮದುವೆಯಾದ ದಿನದಿಂದ ಜ್ವರ ಬರುವವರೆಗೆ ಅವಳು ಮಾಡಿದ್ದಕ್ಕೆಲ್ಲ ಅವನು ಮೂಗು ಮುರಿದವನು. ಬೇಕರಿಯ ನಾಲಿಗೆಗೆ ಮನೆಯ ಅಡುಗೆ ಹಿಡಿಸುತ್ತಿರಲಿಲ್ಲ. ಕಾಯಿಲೆಯಿಂದ ಎದ್ದಮೇಲೆ ತಟ್ಟೆ ಬಳಿದು ಉಣ್ಣತೊಡಗಿದ, ದಿನಾ ಹೊಗಳತೊಡಗಿದ. ವಯಸ್ಸಾದಂತೆ ಗಂಡ ಮೆತ್ತಗಾದ, ಕೊನೆಗೂ ನನ್ನ ಕೈ ಅವನಿಗೆ ಹೊಂದಿತು ಎಂದು ಅವಳು ಒಳಗೊಳಗೇ ಹಿಗ್ಗಿದ್ದಳು. ಪೋಸ್ಟಾಫೀಸಿನಲ್ಲಿ ಗೆಳತಿಯರಿಗೂ ಹೇಳಿಕೊಂಡಿದ್ದಳು. ಮಾಸ್ಟರ್ ಹತ್ತಿರ ಹೋಗಿ ಕೂತ. ಅವಳು ಅವನ ತೋಳಿಗೆ ಒಂದೇಟು ಹಾಕಿದಳು. ಹಾಕಿದ ಕೈಯನ್ನು ಅಲ್ಲೇ ಬಿಟ್ಟಳು.

"ನಾಳೇನೇ ಅಂಗಡಿಯಮ್ಮನಿಗೆ ಹೇಳಿಬಿಡಿ," ಎಂದಳು ಮೂಗು ಒರೆಸಿಕೊಂಡು. "ಕೆಲಸ ಹೋದ್ರೆ ಹೋಗ್ಲಿ. ನನ್ನ ಸಂಬಳ ಇದೆಯಲ್ಲ."

"ಬೇಡ!" ಹುಡುಗಿ ಕೈ ತೆಗೆದಳು. ಮುಖವೆಲ್ಲ ಒದ್ದೆಯಾಗಿತ್ತು. "ಹೇಳಬೇಡಿ ಅಪ್ಪಾ. ನಾನು ಇನ್ಮೇಲೆ ನುಂಗಲ್ಲ. ಬರೀ ನಾಲಿಗೆಗೆ ತಾಗಿಸಿ ಉಗಿದುಬಿಡ್ತೀನಿ. ಬನ್ನೂ ಬೇಡ. ಆಮೇಲೆ ಬಾಯಿ ತೊಳ್ಕೋತೀನಿ."

"ನಿನ್ನ ಮೈ ಹಾಳಾಗ್ತಿದೆಯಮ್ಮ..."

"ಆಗ್ಲಿ! ನಂಗೆ ಬರೋದು ಅದೊಂದೇ." ಮಾತು ಬಿಕ್ಕಳಿಕೆಯಲ್ಲಿ ಸಿಕ್ಕಿಕೊಂಡಿತು. "ಓಡೋಕಾಗಲ್ಲ, ಹಾಡೋಕೆ ಬರಲ್ಲ. ಲೆಕ್ಕದಲ್ಲೂ ಅಷ್ಟಕ್ಕಷ್ಟೇ. ಎಲ್ರೂ ಪೀಪಾಯಿ ಅಂತಾರೆ. ಅಲ್ಲಿ ಹಾಗಲ್ಲ. ಅಲ್ಲಿ ನಾನಿಲ್ಲದಿದ್ರೆ ನಡೆಯಲ್ಲ. ಅದನ್ನೂ ಬಿಟ್ರೆ ನಾನು ಏನು ಮಾಡ್ಲಿ?"

ಡಾಕ್ಟರಮ್ಮ ಹೇಳಿದ್ದ ಕಾರಣಗಳಲ್ಲಿ ಇದು ಇರಲಿಲ್ಲ. ಮಾಸ್ಟರ್ ತಾನು ಮಗಳ ಬಾಯಿಗೆ ಇಟ್ಟದ್ದು ಬೆಣ್ಣೆ ಸಕ್ಕರೆ ಅಷ್ಟೇ ಎಂದುಕೊಂಡಿದ್ದ. ಅವಳು ಅದರ ಜೊತೆ ಇನ್ನೇನನ್ನೋ ತಿಂದು ಬದುಕುತ್ತಿದ್ದಳು. ಅದನ್ನು ಕಿತ್ತುಕೊಳ್ಳಬೇಕಾದವನೂ ತಾನೇ. ಆ ಸಂಜೆ ಅವನು ಹೊರಟಾಗ ಮಗಳು ಅವನ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ, ಮಗಳು ಬೇಕರಿಯ ಹಿಂಬಾಗಿಲು ತಟ್ಟುವ ಹೊತ್ತಿಗೆ ಯಾರೂ ತಟ್ಟಲಿಲ್ಲ. ಹೆಂಡತಿ ಮಗಳನ್ನು ಏಳಿಸಿರಲಿಲ್ಲ. ಮಾಸ್ಟರಿನ ಎದುರು ಕ್ರೀಮಿನ ಪಾತ್ರೆ ಇತ್ತು. ಬೆರಳದ್ದಿದ, ನೆಕ್ಕಿದ. ತಣ್ಣಗಿತ್ತು, ನುಣ್ಣಗಿತ್ತು, ಅಷ್ಟೇ. ಹಾಗೇ ಕೇಕಿಗೆ ಬಳಿದು ಮುಂದಕ್ಕೆ ಕಳಿಸಿಬಿಡಬಹುದಿತ್ತು, ಸರಿಯಾಗಿಯೂ ಇರಬಹುದಿತ್ತು. ಏಪ್ರನ್ನಿಗೆ ಕೈ ಒರೆಸಿಕೊಂಡು, ಪಾತ್ರೆಯನ್ನೇ ಎತ್ತಿಕೊಂಡು ಮುಂದಿನ ಅಂಗಡಿಗೆ ಹೋದ.

ಅಂಗಡಿಯಮ್ಮ ಗಾಜಿನ ಕಪಾಟು ಒರೆಸುತ್ತಿದ್ದಳು. ಗಂಡ ಸತ್ತಮೇಲೆ ಅಂಗಡಿಯನ್ನು ಒಬ್ಬಳೇ ಎತ್ತಿ ನಿಲ್ಲಿಸಿದ ಗಟ್ಟಿಗಿತ್ತಿ. ನಗುವಾಗ ಎಷ್ಟು ಜೋರೋ ಸಿಟ್ಟಾದಾಗಲೂ ಅಷ್ಟೇ.

"ಇದರ ರುಚಿ ನೋಡಿ ಅಮ್ಮಾ."

"ನಾನ್ಯಾಕೆ ನೋಡ್ಲಿ? ಮಾಸ್ಟರ್ ಯಾರು, ನಾನಾ ನೀವಾ?"

"ನನಗೆ ಗೊತ್ತಾಗಲ್ಲ. ಜ್ವರ ಬಂದಾಗಿನಿಂದ ಗೊತ್ತಾಗಲ್ಲ. ಇಷ್ಟು ದಿನ ನೋಡಿದ್ದು ನನ್ನ ಮಗಳು."

ಅವಳು ಬಟ್ಟೆ ಕೆಳಗಿಟ್ಟಳು. ಕೇಳಿದಳು, ಮತ್ತೊಮ್ಮೆ ಹೇಳಿಸಿದಳು. ಆಮೇಲೆ ಬೀದಿಗೆ ಕೇಳುವ ಹಾಗೆ ಕೂಗಿದಳು. "ಎರಡು ವರ್ಷ ಒಂದು ಮಗು ನನ್ನ ಅಂಗಡಿ ನಡೆಸ್ತಾ ಇತ್ತಾ? ನೀವೂ ಒಬ್ಬ ತಂದೇನಾ? ನನಗೆ ಹೇಳಿದ್ರೆ ನಾನೇನು ನಿಮ್ಮನ್ನ ತಿಂದುಬಿಡ್ತಿದ್ನಾ?" ಮಾಸ್ಟರ್ ಪಾತ್ರೆ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಹೇಳಿದ್ದರೆ ಅವಳು ಆಗಲೇ ಕೆಲಸದಿಂದ ತೆಗೆಯುತ್ತಿದ್ದಳೋ ಇಲ್ಲವೋ ಯಾರಿಗೆ ಗೊತ್ತು, ಅವಳಿಗೂ ಗೊತ್ತಿರಲಿಕ್ಕಿಲ್ಲ. ಕೂಗಿ ಕೂಗಿ ದಣಿದ ಮೇಲೆ ಅವಳ ಕಣ್ಣು ಬಿಸ್ಕತ್ತಿನ ಭರಣಿಯ ಮೇಲೆ ಬಿತ್ತು.

"ನಾನೂ ಬಂದಾಗಲೆಲ್ಲ ಒಂದೊಂದು ಕೊಡ್ತಿದ್ದೆ," ಎಂದಳು ತಗ್ಗಿದ ದನಿಯಲ್ಲಿ. "ಬೋರ್ಡು ಅಂತಿದ್ದೆ. ಮಗು ನಗ್ತಿತ್ತು. ನಾನು ಖುಷಿ ಅಂದ್ಕೊಂಡೆ."

ಕೆಲಸ ಹೋಗಲಿಲ್ಲ. ಆದರೆ ಕೇಕು, ಕ್ರೀಮು ಅವನ ಕೈ ತಪ್ಪಿದವು. ಅದಕ್ಕೆ ಬೇರೆಯವರನ್ನು ಗೊತ್ತುಮಾಡುತ್ತೇನೆ, ನೀವು ಇನ್ನು ಭಟ್ಟಿ ನೋಡಿಕೊಳ್ಳಿ, ಬ್ರೆಡ್ಡು ಬನ್ನು ಬೇಯಿಸುವುದಕ್ಕೆ ಕಣ್ಣು ಕೈ ಸಾಕು ಎಂದಳು. ಹಿಟ್ಟು ನಾದಲು ಬಂದ ಕಾಲದಲ್ಲಿ ಅವನು ಮಾಡುತ್ತಿದ್ದ ಕೆಲಸ ಅದು. ಅವನು ಹೂಂ ಎಂದ. ಊರಾಚೆಯಿಂದ ಬರುವ ಜನ ಇನ್ನು ಬೇರೊಬ್ಬರ ಕೇಕನ್ನು ಹೊಗಳುತ್ತಾರೆ; ಅದು ನೋಯುತ್ತದೆ, ನೋಯಲಿ.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲವನ್ನೂ ಕೇಳಿದ ಮೇಲೆ ಮೊದಲು ತಿರುಗಿದ್ದು ತಾಯಿಯ ಕಡೆಗೆ. "ನಿಮ್ಮ ಲೆಕ್ಕ ಸರಿಯಾಗೇ ಇತ್ತಮ್ಮ. ನನ್ನಿಂದ ನಿಮಗೆ ಬೇಜಾರಾಯ್ತು," ಎಂದರು. ವಾರ್ಡಿನ ಮಾತು ಕೈಬಿಟ್ಟರು. ಉಪವಾಸ ಬೇಡ, ಬೈಗುಳ ಬೇಡ, ದಿನಾ ತೂಕ ನೋಡುವುದಂತೂ ಬೇಡವೇ ಬೇಡ. ಕಣ್ತುಂಬ ನಿದ್ದೆ ಮಾಡಲಿ. ಅವಳು ಉಣ್ಣುವುದನ್ನೇ ನೀವಿಬ್ಬರೂ ಉಣ್ಣಿ. ಸಂಜೆ ಯಾರಾದರೂ ಒಬ್ಬರು ಅವಳ ಜೊತೆ ನಡೆಯಿರಿ. ತೂಕ ಒಂದೇ ದಿನ ಇಳಿಯುವುದಿಲ್ಲ, ಕೆಲವು ತಿಂಗಳು ಏರದೆ ನಿಂತರೆ ಅದೇ ದೊಡ್ಡದು. ಮಾಸ್ಟರಿಗೂ ಬೇರೆ ಡಾಕ್ಟರ ಹೆಸರು ಹೇಳಿದರು. ಹುಡುಗಿ ಇದನ್ನೆಲ್ಲ ಬೇರೆ ಯಾರದೋ ವಿಷಯವೆಂಬಂತೆ ಕೇಳುತ್ತ ಕೂತಿದ್ದಳು. ಅವಳು ಅಪ್ಪನೊಡನೆ ಮಾತು ಬಿಟ್ಟಿದ್ದಳು.

ಮಾತು ಬಿಟ್ಟೇ ಇದ್ದಳು. ಮನೆಯಲ್ಲಿ ಉಂಡಳು, ಮಲಗಿದಳು, ಸ್ಕೂಲಿಗೆ ಹೋಗಿ ಬಂದಳು. ಅಮ್ಮನ ಜೊತೆ ಮುಖ ಊದಿಸಿಕೊಂಡು ನಡೆದೂ ಬಂದಳು. ಅಪ್ಪ ಏನಾದರೂ ಕೇಳಿದರೆ ಅಮ್ಮನಿಗೆ ಉತ್ತರ ಕೊಡುತ್ತಿದ್ದಳು. ಮಾಸ್ಟರ್ ಅದನ್ನು ಸಹಿಸಿಕೊಂಡ. ಭಟ್ಟಿಯ ಕೆಲಸ ಬೇಗ ಮುಗಿಯುತ್ತಿತ್ತು. ಸಂಜೆ ಸ್ಕೂಲಿನ ಗಂಟೆ ಹೊಡೆಯುವ ಹೊತ್ತಿಗೆ ಕೈ ತೊಳೆದು ಸುಮ್ಮನೆ ಹಿಂಬಾಗಿಲ ಬಳಿ ನಿಲ್ಲುತ್ತಿದ್ದ. ಯಾರೂ ಬರುತ್ತಿರಲಿಲ್ಲ.

ಹಾಗೇ ಒಂದು ಸಂಜೆ ಬಾಗಿಲು ತೆರೆದಾಗ ಅವಳು ಹೊರಗೆ ನಿಂತಿದ್ದಳು. ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಅಮ್ಮನಿಗೆ ಆಫೀಸಲ್ಲಿ ಲೇಟಾಗುತ್ತಂತೆ," ಎಂದಳು ಬಾಗಿಲಿನ ಚಿಲಕಕ್ಕೆ. "ನಡೆಯೋಕೆ ನೀವು ಬರ್ಬೇಕಂತೆ."

"ಬಂದೆ."

ಅವನು ಏಪ್ರನ್ನು ಕಳಚಿ ಮೊಳೆಗೆ ಸಿಕ್ಕಿಸಿ ಹೊರಬಂದ. ಆ ಬಾಗಿಲಲ್ಲಿ ಮೊದಲ ಸಲ ಬರಿಗೈಯಲ್ಲಿ ಅವಳ ಎದುರು ನಿಂತಿದ್ದ. ಚಮಚವಿಲ್ಲ, ಬನ್ನಿಲ್ಲ. ಇಬ್ಬರೂ ನಡೆದರು. ಸೈಕಲ್ ಅಂಗಡಿ ದಾಟಿ, ಕಾಲುವೆಯ ಸೇತುವೆ ದಾಟಿ, ನೀರಿನ ಟ್ಯಾಂಕಿಗೆ ಹೋಗುವ ದಿಬ್ಬದ ಮೆಟ್ಟಿಲುಗಳ ತನಕ ಬಂದರು. ಹುಡುಗಿ ಮೆಟ್ಟಿಲನ್ನು ನೋಡಿದಳು, ಅವನನ್ನು ನೋಡಿದಳು, ಹತ್ತತೊಡಗಿದಳು. ಅರ್ಧ ಹತ್ತುವಷ್ಟರಲ್ಲಿ ಉಸಿರು ಮೇಲೆ ಕೆಳಗೆ ಆಯಿತು. ಕಂಬಿ ಹಿಡಿದು ನಿಂತಳು. ಕೆಳಗಿನಿಂದ ಅವಳದೇ ವಯಸ್ಸಿನ ಇಬ್ಬರು ದಡದಡನೆ ಹತ್ತಿ ಅವಳನ್ನು ದಾಟಿಕೊಂಡು ಹೋದರು.

ಮಾಸ್ಟರಿಗೆ ದಣಿವಾಗಿರಲಿಲ್ಲ. ಆದರೂ ಮೆಟ್ಟಿಲ ಮೇಲೆ ಕೂತುಬಿಟ್ಟ. "ಸ್ವಲ್ಪ ಕೂರೋಣ," ಎಂದ.

ಅವಳು ಒಂದು ಮೊಳ ಬಿಟ್ಟು ಕೂತಳು. ಕೆಳಗೆ ಊರಿನ ಮನೆಗಳ ಮಾಡುಗಳು, ಒಣಗಲು ಹಾಕಿದ ಬಟ್ಟೆಗಳು ಕಾಣುತ್ತಿದ್ದವು. ಗಾಳಿ ಬೀಸುತ್ತಿತ್ತು.

"ಹೊಸ ಮಾಸ್ಟರ್ ಬಂದ್ರಾ?" ಎಂದು ಕೇಳಿದಳು.

"ಬಂದ್ರು."

"ಕ್ರೀಮು ಚೆನ್ನಾಗಿ ಮಾಡ್ತಾರಾ?"

"ಗೊತ್ತಿಲ್ಲ ಪುಟ್ಟಿ. ನನಗೆ ಹೇಗೆ ಗೊತ್ತಾಗುತ್ತೆ?"

ಅವಳು ಯೋಚಿಸಿದಳು. "ಹಾಗಾದ್ರೆ ಈಗ ನನ್ನ ಅವಶ್ಯಕತೆ ಇಲ್ಲ."

"ಅಂಗಡಿಗೆ ಇಲ್ಲ," ಎಂದ ಮಾಸ್ಟರ್. ಅವನು ಮಾತಿನಲ್ಲಿ ಜಾಣನಲ್ಲ. ಮುಂದಿನದನ್ನು ಹುಡುಕಿ ಹುಡುಕಿ ತೆಗೆದ. "ದಿನಾ ಸಂಜೆ ಬಾಗಿಲಲ್ಲಿ ನಿಂತು ಕಾಯ್ತಿದ್ದೆ. ರುಚಿ ನೋಡ್ಲಿ ಅಂತ ಅಲ್ಲ. ಸುಮ್ನೆ, ನೀನು ಬರ್ಲಿ ಅಂತ."

ಮೈ ಬಂದಾಗಿನಿಂದ ಅವಳು ಯಾರಿಗೂ ಒರಗುತ್ತಿರಲಿಲ್ಲ. ಬಸ್ಸಿನಲ್ಲಿ ಸೀಟಿನ ಅಂಚಿಗೆ, ಮನೆಯಲ್ಲಿ ಮಂಚದ ತುದಿಗೆ, ತನ್ನ ಭಾರವನ್ನೆಲ್ಲ ತಾನೇ ಹಿಡಿದುಕೊಂಡು ಕೂರುತ್ತಿದ್ದಳು, ಎಲ್ಲಿ ಯಾರಿಗೆ ತಗುಲೀತೋ ಎಂಬಂತೆ. ಈಗ ಬ್ಯಾಗು ಕಳಚಿ ಪಕ್ಕಕ್ಕಿಟ್ಟಳು. ಸರಿದು ಬಂದಳು. ಮೊದಲು ಹೆಗಲನ್ನಷ್ಟೇ ತಾಗಿಸಿದಳು. ಆಮೇಲೆ, ಉಸಿರು ಬಿಟ್ಟು, ಮೈಯ ಪೂರ್ತಿ ಭಾರವನ್ನು ಅಪ್ಪನ ಮೇಲೆ ಹಾಕಿ ಒರಗಿದಳು.

ಅವನು ಇನ್ನೊಂದು ಕೈಯಿಂದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಅಲುಗಾಡದೆ ಕೂತ.